ರಾಂಗ್ ಗೇರು, ಮುರಿದ ಎಂಜಿನ್ನು ಮತ್ತು ನಮ್ಮ ಚಿಕ್ಕಪ್ಪ

ಇಲ್ಲಿ ಬರೆಯದೆ ತುಂಬಾ ದಿನಗಳಾದವು. ಕೆಲಸ, ಆಲಸ್ಯ ಎರಡೂ ಕಾರಣ, ಯಾವುದು ಹೆಚ್ಚು ಅಂತ ನೀವು ಕೇಳಬಾರದು, ನಾನು ಹೇಳಬಾರದು :) ಈ ಸಲ ಬರೆಯಲೇಬೇಕಾದ ಒಂದು ವಿಷಯ ಸಿಕ್ಕಿದೆ. ಕಾರಿನ ಗೇರಿನ ಇತಿಹಾಸ. "ಅಯ್ಯೋ ಗೇರಾ?" ಅಂತ ಮೂಗು ಮುರಿಯಬೇಡಿ, ಇದರೊಳಗೆ ನಮ್ಮೂರು ಕೊಳ್ಳೇಗಾಲವೂ ಇದೆ, ನಮ್ಮ ಚಿಕ್ಕಪ್ಪನ ಕೆಲಸ ಹೋದ ಕಥೆಯೂ ಇದೆ.

ಮೊದಲು ನನ್ನ ಘನಕಾರ್ಯ ಹೇಳಿಬಿಡುತ್ತೇನೆ. ಬೆಂಗಳೂರಿನ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡಿನಲ್ಲಿ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡ. ಕಂಪನಿ ಹೆಸರು ಬೇಡ, ತಪ್ಪು ಕಂಪನಿಯದ್ದಲ್ಲ. ಕೈಯಿಂದ ಗೇರು ಹಾಕುವ ಕಾರು, ಅದೇ ಅವನ ಹೆಮ್ಮೆ. ಒಂದು ಭಾನುವಾರ ಮಲೆಮಾದೇಶ್ವರನ ಬೆಟ್ಟಕ್ಕೆ ಹೋಗಿಬರೋಣ ಎಂದು ಹೊರಟೆವು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ… ಹೋಗುವಾಗ ಅವನು, ಬರುವಾಗ ನಾನು. ಘಾಟಿಯ ತಿರುವುಗಳನ್ನೆಲ್ಲ ದೇವರ ದಯೆಯಿಂದ ಸರಿಯಾಗಿಯೇ ಇಳಿಸಿದೆ. ಹನೂರು ದಾಟಿ ಕಾಮಗೆರೆ ಕಡೆಗೆ ನೆಟ್ಟಗಿನ ರಸ್ತೆ ಸಿಕ್ಕಿತು ನೋಡಿ, ಅಲ್ಲಿ ಕೆಟ್ಟಿತು. ಮುಂದೆ ಕಬ್ಬಿನ ಲಾರಿ. ಐದನೇ ಗೇರಿನಲ್ಲಿದ್ದೆ, ಓವರ್‌ಟೇಕ್ ಮಾಡಲು ನಾಲ್ಕಕ್ಕೆ ಇಳಿಸೋಣ ಎಂದು ಗೇರು ಎಳೆದೆ, ಕ್ಲಚ್ ಬಿಟ್ಟೆ. ಕಾರು ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಮುಗ್ಗರಿಸಿತು. ಎಂಜಿನ್ನು ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. ಬಿದ್ದಿದ್ದು ನಾಲ್ಕಲ್ಲ, ಎರಡು!

ಅರೆಕ್ಷಣದಲ್ಲಿ ಕ್ಲಚ್ ಒತ್ತಿದೆ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಒಳಗಿನಿಂದ ಟಕ ಟಕ ಸದ್ದು, ಎಂಜಿನ್ನು ಕುಂಟತೊಡಗಿತು. ಗೆಳೆಯ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇದಕ್ಕೆ ಇಂಗ್ಲಿಷಿನವರು ಇಟ್ಟಿರುವ ಹೆಸರು "ಮನಿ ಶಿಫ್ಟ್". ಹಾಕಿದ ತಕ್ಷಣ ದುಡ್ಡು ಹೋಗುವ ಗೇರು! ಏಕೆ ಎಂಜಿನ್ನು ಹಾಳಾಗುತ್ತದೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ನೋಡೋಣ, ದೊಡ್ಡದೇನಲ್ಲ. ಒಂದು ಕಾರಿನ ಎರಡನೇ ಗೇರಿನ ಅನುಪಾತ 2.0, ಐದನೆಯದು 0.8 ಎಂದಿಟ್ಟುಕೊಳ್ಳಿ. ಐದರಲ್ಲಿ ಎಂಜಿನ್ನು ನಿಮಿಷಕ್ಕೆ 3,400 ಸುತ್ತು ತಿರುಗುತ್ತಿದೆ, ಹಾಯಾಗಿದೆ. ಅದೇ ವೇಗದಲ್ಲಿ ಎರಡನೇ ಗೇರು ಕಚ್ಚಿಕೊಂಡರೆ 3,400 ಅನ್ನು ಎರಡೂವರೆಯಿಂದ ಗುಣಿಸಿ: 8,500 ಸುತ್ತು. ಆ ಎಂಜಿನ್ನಿನ ಮಿತಿ 6,500 ಆಗಿದ್ದರೆ? ಪಿಸ್ಟನ್ನು, ಕನೆಕ್ಟಿಂಗ್ ರಾಡುಗಳ ಮೇಲೆ ಬೀಳುವ ಜಗ್ಗಾಟ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಮಿತಿಯಲ್ಲಿ ಇರುವುದಕ್ಕಿಂತ ಸುಮಾರು 1.7 ಪಟ್ಟು. ಜೊತೆಗೆ ವಾಲ್ವುಗಳನ್ನು ಮುಚ್ಚುವ ಸ್ಪ್ರಿಂಗುಗಳು ಆ ವೇಗಕ್ಕೆ ಸಾಟಿಯಾಗಲಾರವು. ವಾಲ್ವು ಇನ್ನೂ ಪೂರ್ತಿ ಮುಚ್ಚಿಕೊಳ್ಳುವ ಮೊದಲೇ ಪಿಸ್ಟನ್ನು ಮೇಲೆ ಬಂದು ಗುದ್ದುತ್ತದೆ. ವಾಲ್ವು ಬಾಗುತ್ತದೆ. ನಮಗಾದದ್ದು ಇದೇ.

"ಈಗಿನ ಕಾರುಗಳಲ್ಲಿ ರೆವ್ ಲಿಮಿಟರ್ ಇರುತ್ತದಲ್ಲ, ಅದು ಕಾಪಾಡುವುದಿಲ್ಲವೇ?" ಎಂದು ಕೇಳಬಹುದು. ನಾನೂ ಕೇಳಿದ್ದೆ. ರೆವ್ ಲಿಮಿಟರ್ ಮಾಡುವುದು ಪೆಟ್ರೋಲು ನಿಲ್ಲಿಸುವುದು ಅಥವಾ ಕಿಡಿ ನಿಲ್ಲಿಸುವುದು. ನಾವು ಆಕ್ಸಿಲೇಟರ್ ಒತ್ತಿ ಎಂಜಿನ್ನನ್ನು ಓಡಿಸಿದರೆ ಅದು ತಡೆಯುತ್ತದೆ. ಇಲ್ಲಿ ಎಂಜಿನ್ನನ್ನು ಓಡಿಸುತ್ತಿರುವುದು ಪೆಟ್ರೋಲಲ್ಲ, ಚಕ್ರಗಳು. ಒಂದು ಟನ್ನಿಗೂ ಮೀರಿದ ಕಾರು ತನ್ನ ಓಟದಿಂದಲೇ ಎಂಜಿನ್ನನ್ನು ಗಿರಗಿರ ತಿರುಗಿಸುತ್ತದೆ. ಪೆಟ್ರೋಲು ನಿಂತರೂ ಅಷ್ಟೆ, ಬಿಟ್ಟರೂ ಅಷ್ಟೆ.

ಇರಲಿ, ಇತಿಹಾಸಕ್ಕೆ ಬರೋಣ.

1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಎ ಲೆವಾಸೋರ್ ಕಂಪನಿಯವರು ಜಾರುವ ಹಲ್ಲುಚಕ್ರಗಳ ಗೇರ್‌ಬಾಕ್ಸನ್ನು ಕಾರಿಗೆ ಹಾಕಿದರು. ಒಂದು ಚಕ್ರವನ್ನು ಅಕ್ಷದ ಮೇಲೆ ಜಾರಿಸಿ ಇನ್ನೊಂದು ಚಕ್ರದ ಹಲ್ಲಿಗೆ ನೇರವಾಗಿ ಸಿಕ್ಕಿಸುವುದು. ಎರಡರ ವೇಗ ಹೊಂದದಿದ್ದರೆ ಕರ್ರ್ ಎಂದು ಹಲ್ಲು ಕಡಿಯುವ ಸದ್ದು. ಅದಕ್ಕೇ ಅದನ್ನು "ಕ್ರ್ಯಾಶ್" ಗೇರ್‌ಬಾಕ್ಸ್ ಎಂದರು. ಅದನ್ನು ಪಳಗಿಸಲು ಡ್ರೈವರುಗಳು ಕಲಿತ ವಿದ್ಯೆಯೇ ಡಬಲ್ ಕ್ಲಚ್: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲೇಟರನ್ನು ಒಂದು ಸಲ ಗುದ್ದಿ ಒಳಗಿನ ಚಕ್ರಗಳ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು ಹಾಕುವುದು. ಕಾಲು, ಕೈ, ಕಿವಿ ಮೂರೂ ಒಂದೇ ತಾಳದಲ್ಲಿರಬೇಕು.

ಅಮೆರಿಕದ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್ ಈ ಕಷ್ಟಕ್ಕೆ ಪರಿಹಾರ ಹುಡುಕಿದ. ಹಲ್ಲು ಸೇರುವ ಮೊದಲು ಎರಡು ಶಂಕುಗಳು ಒಂದಕ್ಕೊಂದು ಉಜ್ಜಿ ವೇಗ ಸಮವಾಗುವಂತೆ ಮಾಡಿದ. ಇದೇ ಸಿಂಕ್ರೊಮೆಶ್. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. 1952ರಲ್ಲಿ ಪೋರ್ಷೆಯವರು ತಮ್ಮ 356 ಕಾರಿನ ಮುಂದಿನ ನಾಲ್ಕೂ ಗೇರಿಗೆ ಸಿಂಕ್ರೊ ಕೊಟ್ಟರು. ಸ್ಪೋರ್ಟ್ಸ್ ಕಾರು ಓಡಿಸುವವರಿಗೆ ಹಬ್ಬ!

ಆದರೆ ನನಗೆ ಒಂದು ಅನುಮಾನ. ಹಳೆಯ ಕ್ರ್ಯಾಶ್ ಬಾಕ್ಸಿನಲ್ಲಿ ವೇಗದಲ್ಲಿ ಓಡುವಾಗ ತಪ್ಪಿ ಎರಡನೇ ಗೇರಿಗೆ ತಳ್ಳಿದರೆ ಗೇರು ಕರಕರ ಎಂದು ಒದರಿ ಕೈಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಹಲ್ಲು ಸವೆದರೂ ಎಂಜಿನ್ನು ಉಳಿಯುತ್ತಿತ್ತು. ಸಿಂಕ್ರೊ ಬಂದ ಮೇಲೆ ತಪ್ಪು ಗೇರು ಕೂಡ ಸದ್ದಿಲ್ಲದೆ, ಬೆಣ್ಣೆಯೊಳಗೆ ಚಾಕು ಹೋದ ಹಾಗೆ ಒಳಗೆ ಹೋಗುತ್ತದೆ. ಸ್ವಲ್ಪ ತಡೆಯುತ್ತದೆ ನಿಜ, ಆದರೆ ಓವರ್‌ಟೇಕ್ ಮಾಡುವ ಆತುರದಲ್ಲಿರುವ ಕೈಗೆ ಆ ತಡೆ ಎಲ್ಲಿ ತಿಳಿಯುತ್ತದೆ? ಗೇರನ್ನು ಕಾಪಾಡಲು ಬಂದದ್ದು ಎಂಜಿನ್ನನ್ನು ಬಯಲಿಗೆ ನಿಲ್ಲಿಸಿತು. ಇದು ನನ್ನ ತರ್ಕ, ತಪ್ಪಿದ್ದರೆ ಬಲ್ಲವರು ತಿದ್ದಿ.

ಈಗ ಚಿಕ್ಕಪ್ಪನ ವಿಷಯ.

ನಮ್ಮ ಚಿಕ್ಕಪ್ಪ ಕೊಳ್ಳೇಗಾಲದ ರೇಷ್ಮೆ ಸೌಕಾರರೊಬ್ಬರ ಮನೆಯಲ್ಲಿ ಅಂಬಾಸಿಡರ್ ಡ್ರೈವರಾಗಿದ್ದರು. ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮರಿ. 1950ರ ದಶಕದ ಕೊನೆಗೆ ಬಂದು 2014ರ ತನಕ ತಯಾರಾಯಿತು. ಆಗಿನದಕ್ಕೆ 1,489 ಸಿಸಿ ಎಂಜಿನ್ನು, ಸ್ಟೇರಿಂಗ್ ಪಕ್ಕದಲ್ಲಿ ಗೇರು. ಎರಡು, ಮೂರು, ನಾಲ್ಕಕ್ಕೆ ಸಿಂಕ್ರೊ ಇತ್ತು, ಒಂದಕ್ಕೆ ಇರಲಿಲ್ಲ. ಗೇರುಕಡ್ಡಿಯಿಂದ ಗೇರ್‌ಬಾಕ್ಸಿನ ತನಕ ಸರಳುಗಳ ಒಂದು ಸರಪಳಿ. ಅದರ ಬುಷ್ಷುಗಳು ಸವೆದರೆ ಗೇರು ಎಲ್ಲಿ ಬೀಳುತ್ತದೆ ಎನ್ನುವುದು ಆ ಮಾದಪ್ಪನಿಗೇ ಗೊತ್ತು. ಸುತ್ತು ತೋರಿಸುವ ಮೀಟರೂ ಇಲ್ಲ. ಎಂಜಿನ್ನಿನ ಸದ್ದೇ ಮೀಟರು.

1979ರಲ್ಲಿ ಸೌಕಾರರ ಕುಟುಂಬವನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಬರುವಾಗ, ಕೌದಳ್ಳಿಯ ಹತ್ತಿರ, ಕನೆಕ್ಟಿಂಗ್ ರಾಡು ಮುರಿದು ಎಂಜಿನ್ ಬ್ಲಾಕನ್ನೇ ಒಡೆದು ಹೊರಗೆ ಬಂತು. ರಸ್ತೆ ತುಂಬ ಆಯಿಲು. ಎತ್ತಿನಗಾಡಿಗೆ ಕಟ್ಟಿ ಕಾರನ್ನು ಊರಿಗೆ ಎಳೆಸಿದರಂತೆ. ಮೆಕ್ಯಾನಿಕ್ಕು ನೋಡಿ "ಯಾರೋ ರಾಂಗ್ ಗೇರ್ ಹಾಕವ್ರೆ" ಅಂದ. ಸೌಕಾರರಿಗೆ ಅಷ್ಟೇ ಸಾಕಾಯಿತು. ಕಾರು ಓಡಿಸುವವನು ಒಬ್ಬನೇ ತಾನೇ? ಚಿಕ್ಕಪ್ಪನ ಕೆಲಸ ಹೋಯಿತು. ಬರಬೇಕಿದ್ದ ಸಂಬಳವೂ ಹೋಯಿತು. ಅದಕ್ಕಿಂತ ಕೆಟ್ಟದ್ದೆಂದರೆ "ಎಂಜಿನ್ ಒಡೆದವ್ನು" ಎಂಬ ಹೆಸರು ಅಂಟಿಕೊಂಡದ್ದು. ಊರಲ್ಲಿ ಆಗ ಇದ್ದ ಕಾರುಗಳೆಷ್ಟು? ಎರಡು ವರ್ಷ ಯಾರೂ ಸ್ಟೇರಿಂಗ್ ಕೊಡಲಿಲ್ಲ. ಚಿಕ್ಕಮ್ಮ ಮನೆಯಲ್ಲಿ ನೂಲು ಸುತ್ತಿ ಸಂಸಾರ ನಡೆಸಿದರು. ಆಮೇಲೆ ಯಾರದೋ ಟೆಂಪೊ ಸಿಕ್ಕಿತು.

"ನಾ ಹಾಕ್ನಿಲ್ಲ ಕನಾ" ಎಂದು ಅವರು ನನಗೇ ನೂರು ಸಲ ಹೇಳಿರಬಹುದು. ಸೌಕಾರರ ಮಗ ರಾತ್ರಿ ಹೊತ್ತು ಕೀ ತೆಗೆದುಕೊಂಡು ಗೆಳೆಯರ ಜೊತೆ ಶಿವನಸಮುದ್ರದ ಕಡೆ ಹೋಗುತ್ತಿದ್ದ ಅನ್ನುವುದೂ ಅವರ ಮಾತು. ನಾವು ಹುಡುಗರು ನಗುತ್ತಿದ್ದೆವು. ತಪ್ಪು ಮಾಡಿದವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡಿದ್ದೆವು.

ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ, ಮಧುವನಹಳ್ಳಿ ರಸ್ತೆಯಲ್ಲಿ. ಅವರ ಪಾಠ ಎರಡೇ. ಒಂದು, "ಯಾವ ಗೇರ್ನಲ್ಲಿ ಹತ್ತುತೀಯೊ ಅದೇ ಗೇರ್ನಲ್ಲಿ ಇಳಿ". ಘಾಟಿ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬಂದುಬಿಡಬೇಕು, ವೇಗ ಏರಿದ ಮೇಲೆ ಗೇರು ಇಳಿಸಲು ಹೋದರೆ ಒಂದೋ ಗೇರು ಬೀಳುವುದಿಲ್ಲ, ಇಲ್ಲ ಎಂಜಿನ್ನು ಉಳಿಯುವುದಿಲ್ಲ. ಎರಡನೆಯದು, "ಗೇರ್ನ ಮುಷ್ಟಿ ಕಟ್ಟಿ ಹಿಡೀಬ್ಯಾಡ ಮಗಾ. ನೀ ತಳ್ಳಬ್ಯಾಡ, ದಾರಿ ತೋರ್ಸು, ಅದೇ ಹೋಯ್ತದೆ".

ಈ ಎರಡನೆಯ ಪಾಠವನ್ನು ಈಗ ರೇಸಿಂಗ್ ಶಾಲೆಗಳಲ್ಲಿ ದುಡ್ಡು ತೆಗೆದುಕೊಂಡು ಹೇಳಿಕೊಡುತ್ತಾರೆ! ಈಗಿನ ನೆಲದ ಗೇರುಗಳಲ್ಲಿ ಒಳಗೊಂದು ಸ್ಪ್ರಿಂಗು ಇರುತ್ತದೆ. ನ್ಯೂಟ್ರಲ್‌ನಲ್ಲಿ ಕೈಬಿಟ್ಟರೆ ಕಡ್ಡಿ ತಾನಾಗಿ ಮೂರು–ನಾಲ್ಕರ ಸಾಲಿಗೆ ಬಂದು ನಿಲ್ಲುತ್ತದೆ. ಐದರಿಂದ ನಾಲ್ಕಕ್ಕೆ ಬರುವಾಗ ನ್ಯೂಟ್ರಲ್‌ಗೆ ತಂದು, ಸ್ಪ್ರಿಂಗಿನ ಪಾಡಿಗೆ ಬಿಟ್ಟು, ಅಂಗೈಯಿಂದ ನೆಟ್ಟಗೆ ಹಿಂದಕ್ಕೆ ಎಳೆದರೆ ಎರಡಕ್ಕೆ ಹೋಗುವ ಮಾತೇ ಇಲ್ಲ. ಮುಷ್ಟಿ ಕಟ್ಟಿ ಪಕ್ಕಕ್ಕೆ ತಳ್ಳಿದರೆ ಸ್ಪ್ರಿಂಗನ್ನೂ ಮೀರಿ ಎರಡರ ಸಾಲಿಗೆ ಹೋಗುತ್ತದೆ. ಅದರಲ್ಲೂ ನಮ್ಮ ದೇಶದಲ್ಲಿ ಡ್ರೈವರು ಬಲಗಡೆ ಕೂರುವುದರಿಂದ ಎಡಗೈಯನ್ನು ಆಚೆಗೆ ನೂಕಿದಷ್ಟೂ ಒಂದು–ಎರಡರ ಸಾಲು ಹತ್ತಿರ. ಅಮೆರಿಕದಲ್ಲಿ ಉಲ್ಟಾ: ಅಲ್ಲಿ ಬಲಗೈಯಲ್ಲಿ ತನ್ನ ಕಡೆ ಎಳೆದುಕೊಂಡರೆ ಎರಡು. ಮೂರರಿಂದ ನಾಲ್ಕಕ್ಕೆ ಏರಿಸುವಾಗಲೇ ಅವರು ಎಡವುವುದು ಹೆಚ್ಚು. ತಪ್ಪಿಗೂ ಎಡಬಲ ಇದೆ ನೋಡಿ.

ಇನ್ನೂ ಒಂದು ಉಪಾಯ ಉಂಟು, ಅದು ನನಗೆ ತಡವಾಗಿ ಹೊಳೆದದ್ದು. ಕ್ಲಚ್ಚನ್ನು ಒಮ್ಮೆಲೇ ಬಿಡಬಾರದು. ತಪ್ಪು ಗೇರು ಬಿದ್ದದ್ದರಿಂದಲೇ ಎಂಜಿನ್ನು ಒಡೆಯುವುದಿಲ್ಲ, ಕ್ಲಚ್ ಬಿಟ್ಟಾಗ ಒಡೆಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಬಿಟ್ಟರೆ ಸುತ್ತು ಏರುವುದು ಕಿವಿಗೆ ಕೇಳುತ್ತದೆ, ಮತ್ತೆ ಒತ್ತಿಬಿಡಬಹುದು.

ರೇಸಿನವರು ಇದೇ ತಪ್ಪಿನ ವಿರುದ್ಧ ಎರಡು ಕಡೆಯಿಂದ ಯುದ್ಧ ಮಾಡಿದರು. ಒಂದು, ಎಂಜಿನ್ನನ್ನೇ ಗಟ್ಟಿ ಮಾಡುವುದು. 1954ರ ಮರ್ಸಿಡಿಸ್ ಡಬ್ಲ್ಯು 196 ರೇಸ್ ಕಾರಿನಲ್ಲಿ ವಾಲ್ವನ್ನು ಮುಚ್ಚಲು ಸ್ಪ್ರಿಂಗನ್ನು ನಂಬದೆ, ತೆರೆಯಲು ಒಂದು ಕ್ಯಾಮು, ಮುಚ್ಚಲು ಇನ್ನೊಂದು ಕ್ಯಾಮು ಇಟ್ಟರು. ಡೆಸ್ಮೊಡ್ರೋಮಿಕ್ ಅಂತ ಹೆಸರು. ಎರಡೇ ವರ್ಷದಲ್ಲಿ ಇಟಲಿಯ ಡುಕಾಟಿಯಲ್ಲಿ ಫಾಬಿಯೊ ತಾಲಿಯೋನಿ ಅದನ್ನು ಮೋಟರ್‌ಸೈಕಲ್ಲಿಗೆ ತಂದ, ಇವತ್ತಿಗೂ ಅದು ಡುಕಾಟಿಯ ಗುರುತು. ಇನ್ನೊಂದು ಕಡೆ, ತಪ್ಪೇ ಆಗದ ಹಾಗೆ ಗೇರನ್ನು ಬದಲಿಸುವುದು. 1989ರ ಮಾರ್ಚಿನಲ್ಲಿ ಬ್ರೆಜಿಲಿನಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಫೆರಾರಿ 640 ಓಡಿತು. ಗೇರುಕಡ್ಡಿಯೇ ಇಲ್ಲ, ಸ್ಟೇರಿಂಗ್ ಹಿಂದೆ ಎರಡು ಪಟ್ಟಿ. ಒಂದು ಎಳೆದರೆ ಮೇಲಿನ ಗೇರು, ಇನ್ನೊಂದು ಎಳೆದರೆ ಕೆಳಗಿನದು. ಮೊದಲ ರೇಸಿನಲ್ಲೇ ನೈಜೆಲ್ ಮ್ಯಾನ್ಸೆಲ್ ಗೆದ್ದ. ಐದರಿಂದ ಎರಡಕ್ಕೆ ಹಾರುವ ದಾರಿಯೇ ಅಲ್ಲಿ ಇಲ್ಲ. ಆದರೂ ಕೈಗೇರು ಅಷ್ಟು ಬೇಗ ಸಾಯಲಿಲ್ಲ. 1991ರಲ್ಲಿ ಐರ್ಟನ್ ಸೆನ್ನಾ ಚಾಂಪಿಯನ್ ಆದದ್ದು ಕೈಗೇರಿನ ಮೆಕ್ಲಾರೆನ್‌ನಲ್ಲಿ. ಆ ವರ್ಷ ಬ್ರೆಜಿಲಿನಲ್ಲಿ ಗೇರ್‌ಬಾಕ್ಸು ಕೆಟ್ಟು ಕೊನೆಯ ಸುತ್ತುಗಳನ್ನು ಆರನೇ ಗೇರೊಂದರಲ್ಲೇ ಓಡಿಸಿ ಗೆದ್ದ. ಕೈಗೇರಿನ ಕಾರು ಫಾರ್ಮುಲಾ ಒನ್ ಚಾಂಪಿಯನ್‌ಶಿಪ್ ಗೆದ್ದದ್ದು ಅದೇ ಕೊನೆ.

ಆದರೆ ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುವ ಈ ಪದ್ಧತಿ ಫೆರಾರಿಯವರ ಹೊಸ ಶೋಧ ಅಲ್ಲವೇ ಅಲ್ಲ. ಮೋಟರ್‌ಸೈಕಲ್ಲುಗಳಲ್ಲಿ ಮೊದಲಿಂದ ಇತ್ತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಿಂದ ಜಾವಾ, 1973ರಿಂದ ಯೆಜ್ಡಿ ತಯಾರಾಗುತ್ತಿತ್ತಲ್ಲ (1996ರಲ್ಲಿ ಮುಚ್ಚಿತು), ಅದರ ಕಿಕ್ಕರೂ ಗೇರೂ ಒಂದೇ ಕಡ್ಡಿ, ಮತ್ತು ಗೇರು ಒತ್ತಿದರೆ ಕ್ಲಚ್ ತಾನಾಗಿ ಎದ್ದುಕೊಳ್ಳುತ್ತಿತ್ತು. ನಮ್ಮೂರಿನಲ್ಲಿ ಕ್ಲಚ್ ಕೇಬಲ್ ಕಿತ್ತುಹೋದ ಯೆಜ್ಡಿಯನ್ನು ಮೈಸೂರಿನ ತನಕ ಓಡಿಸಿಕೊಂಡು ಹೋದವರ ಕಥೆಗಳಿಗೆ ಬರವಿಲ್ಲ.

ಕರ್ನಾಟಕದ್ದೇ ಆದ ಕೈಗೇರಿನ ಸ್ಪೋರ್ಟ್ಸ್ ಕಾರು ಯಾವುದು ಎಂದು ಹುಡುಕುತ್ತ ಹೋದರೆ ನನಗೆ ಸಿಗುವುದು ಬೆಂಗಳೂರಿನ ಸಿಪಾನಿ ಡಾಲ್ಫಿನ್. ನಗಬೇಡಿ! 1982ರ ಸುಮಾರಿಗೆ ಬಂದ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ ಪುಟ್ಟ ಕಾರು. ಫೈಬರ್ ಗ್ಲಾಸ್ ಮೈ, 848 ಸಿಸಿ ಅಲ್ಯುಮಿನಿಯಂ ಎಂಜಿನ್ನು. ಸಂಸಾರಸ್ಥರು ಕೊಳ್ಳಲಿಲ್ಲ, ಹಗುರ ಎಂದು ರ‍್ಯಾಲಿಯವರು, ಶೋಳಾವರಂನ ಹಳೆಯ ವಿಮಾನದ ಓಡುದಾರಿಯಲ್ಲಿ ರೇಸು ಮಾಡುವವರು ಇಷ್ಟಪಟ್ಟರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಅದರ ಕಥೆ ಮುಗಿಯುತ್ತ ಬಂತು. ಅತ್ತ ಕೊಯಮತ್ತೂರಿನಲ್ಲಿ (1956ರ ತನಕ ನಮ್ಮ ಕೊಳ್ಳೇಗಾಲ ಅದೇ ಜಿಲ್ಲೆಗೆ ಸೇರಿತ್ತು, ನೆಂಟಸ್ತಿಕೆ ಹಳೆಯದು) ಕರಿವರ್ಧನ್ ಅವರು ಆ ಮಾರುತಿಯದ್ದೇ ಎಂಜಿನ್ನು, ಗೇರ್‌ಬಾಕ್ಸು ಹಾಕಿ ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ಮನೆ ಕಾರಿನ ಗೇರ್‌ಬಾಕ್ಸಿನಲ್ಲಿ ರೇಸು! ಅಲ್ಲಿ ರಾಂಗ್ ಗೇರಿಗೆ ಕೈಯ ಶಿಸ್ತು ಒಂದೇ ಔಷಧಿ.

ಈಚಿನ ಕಾರುಗಳು ಸ್ವಲ್ಪ ಬುದ್ಧಿ ಕಲಿತಿವೆ. ನಿಸ್ಸಾನ್ 370ಜೆಡ್ 2009ರ ಮಾಡೆಲ್ಲಿನಲ್ಲಿ ಗೇರು ಇಳಿಸುವಾಗ ಕಂಪ್ಯೂಟರೇ ಆಕ್ಸಿಲೇಟರ್ ಗುದ್ದಿ ಸುತ್ತು ಹೊಂದಿಸತೊಡಗಿತು, ಅಂದರೆ ಚಿಕ್ಕಪ್ಪನ ಬಲಗಾಲಿನ ಕೆಲಸ. 2011ರಲ್ಲಿ ಬಂದ ಪೋರ್ಷೆ 911ರ ಏಳು ಗೇರಿನ ಕೈಗೇರಿನಲ್ಲಿ ಐದು ಅಥವಾ ಆರರಿಂದ ಮಾತ್ರ ಏಳಕ್ಕೆ ಹೋಗಬಹುದು, ಉಳಿದಂತೆ ಬೀಗ. ಆದರೂ ವೇಗದಲ್ಲಿ ಎರಡನೇ ಗೇರಿಗೆ ಬೀಗ ಹಾಕುವ ಕೈಗೇರಿನ ಕಾರನ್ನು ನಾನಂತೂ ನೋಡಿಲ್ಲ.

ತಡೆಯದಿದ್ದರೂ ಒಂದು ಕೆಲಸ ಮಾಡುತ್ತವೆ: ಬರೆದಿಟ್ಟುಕೊಳ್ಳುತ್ತವೆ. ಎಂಜಿನ್ನು ಮಿತಿ ಮೀರಿ ಎಷ್ಟು ಸಲ ತಿರುಗಿತು, ಎಷ್ಟು ಮೀರಿತು, ಕೊನೆಯ ಸಲ ಮೀರಿದಾಗ ಎಂಜಿನ್ನಿಗೆ ಎಷ್ಟು ಗಂಟೆ ವಯಸ್ಸಾಗಿತ್ತು ಎನ್ನುವ ಲೆಕ್ಕ ಪೋರ್ಷೆಯಂಥ ಕಾರುಗಳ ಕಂಪ್ಯೂಟರಿನಲ್ಲಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವ ತಿಳಿದವರು ಮೊದಲು ಕೇಳುವುದೇ ಆ ಕಾಗದ. ನಮ್ಮ ಗೆಳೆಯ ಕೇಳಿರಲಿಲ್ಲ.

ಗ್ಯಾರೇಜಿನಲ್ಲಿ ಆ ಲೆಕ್ಕ ತೆಗೆದರು. ನನ್ನ ತಪ್ಪು ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಇತ್ತು, ಅಲ್ಲಗಳೆಯುವ ಹಾಗಿಲ್ಲ. ಆದರೆ ಅದಕ್ಕೂ ಮುಂಚೆ, ಗೆಳೆಯ ಕಾರು ಕೊಳ್ಳುವುದಕ್ಕೂ ಎಷ್ಟೋ ಗಂಟೆಗಳ ಮೊದಲು, ಯಾರೋ ಇನ್ನೂ ಜೋರಾಗಿ ಮಿತಿ ಮೀರಿಸಿದ್ದರು. ಎಂಜಿನ್ನು ಬಿಚ್ಚಿದಾಗ ಎರಡು ರಾಡಿನ ಬೋಲ್ಟುಗಳು ಹಿಗ್ಗಿದ್ದವು. ಮೆಕ್ಯಾನಿಕ್ ಹೇಳಿದ್ದು: "ವಾಲ್ವು ನಿಮ್ದು ಸಾರ್, ಬೋಲ್ಟು ಹಳೇದು. ಹಿಂಗೇ ಓಡಿಸ್ತಾ ಇದ್ದಿದ್ರೆ ಇನ್ನೊಂದು ದಿನ ಯಾವ ತಪ್ಪೂ ಮಾಡ್ದೇನೇ ರಾಡು ಹೊರಗೆ ಬರ್ತಿತ್ತು."

ಬಿಲ್ಲಿನಲ್ಲಿ ಅರ್ಧ ನಾನು ಕೊಟ್ಟೆ, ನಾಲ್ಕು ತಿಂಗಳ ಸಂಬಳ. ಗೆಳೆಯ ಈಗ ಮಾತಾಡುತ್ತಾನೆ, ಕೀ ಕೊಡುವುದಿಲ್ಲ. ಆದರೆ ನನ್ನ ತಲೆಯಲ್ಲಿ ಕೂತದ್ದು ಬಿಲ್ಲಲ್ಲ, ಆ ಮೆಕ್ಯಾನಿಕ್ಕಿನ ಮಾತು. ಯಾವ ತಪ್ಪೂ ಮಾಡದೆ.

ಕಳೆದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಈಗ ಅವರಿಗೆ ವಯಸ್ಸಾಗಿದೆ, ಕಣ್ಣಿಗೆ ಪೊರೆ ಬಂದು ಟೆಂಪೊ ಬಿಟ್ಟು ಎಷ್ಟೋ ವರ್ಷಗಳಾದವು. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

"ಯಾವಾಗ ಮಾಡುದ್ರು ಅಂತಾನೂ ಬರ್ಕತದಾ?"

"ಎಷ್ಟು ಗಂಟೆ ಓಡಿದಾಗ ಅಂತ ಬರ್ಕೊಳ್ಳತ್ತೆ ಚಿಕ್ಕಪ್ಪ. ಅದ್ರಿಂದ ಲೆಕ್ಕ ಹಾಕಬಹುದು."

"ಹಗಲೊ ರಾತ್ರಿಯೊ?"

"ಅದು ಬರಿಯೋದಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೇ ಹೇಳಿದೆ, ಆವತ್ತು ಕೌದಳ್ಳಿ ಹತ್ತಿರ ಮುರಿದ ರಾಡೂ ಹಾಗೇ ಇರಬಹುದು, ಮೊದಲೇ ಯಾರೋ ಎಳೆದು ಹಿಗ್ಗಿಸಿದ್ದು, ನಿಮ್ಮ ಕೈಯಲ್ಲಿ ಮುರಿಯಿತು ಅಷ್ಟೆ, ನಾವು ನಕ್ಕಿದ್ದು ತಪ್ಪಾಯಿತು ಅಂತ.

"ನಾ ಹೇಳ್ನಿಲ್ವ" ಅಂದರು. ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ನನ್ನ ಎಡಗೈ ಹಿಡಿದು ಮುಷ್ಟಿ ಬಿಡಿಸಿ, ಅಂಗೈಯನ್ನು ತಮ್ಮ ಊರುಗೋಲಿನ ಗುಂಡಿನ ಮೇಲೆ ಇಟ್ಟರು. "ಅಯ್ದರಿಂದ ನಾಕಕ್ ಬಾ, ನೋಡವ" ಅಂದರು.